ಹಿಮಕುಸಿತ ಮತ್ತು ದಕ್ಷಿಣ ಬೆಂಗಳೂರಿನ ಚಾರಣಿಗರು

ಇಳಿಜಾರಿನ ಮೇಲೆ ಕೂತ ಹಿಮರಾಶಿ ಬುಡದಿಂದಲೋ ನಡುಪದರದಿಂದಲೋ ಕಳಚಿಕೊಂಡು ರಭಸವಾಗಿ ಜಾರುವುದೇ ಹಿಮಕುಸಿತ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್‌ಗಳ ಜನ ತಮ್ಮ ಊರಲ್ಲಿ ಆಲಿಕಲ್ಲಿಗಿಂತ ಹೆಚ್ಚೇನೂ ಕಂಡವರಲ್ಲ. ಆದರೂ ಚಳಿಗಾಲದ ಕೇದಾರಕಂಠ, ಮೇ ತಿಂಗಳ ಸಾರ್ ಪಾಸ್ ಇಲ್ಲಿನ ಐಟಿ ಉದ್ಯೋಗಿಗಳಿಗೂ ನಿವೃತ್ತರಿಗೂ ಪರಿಚಿತವಾದ ಹಿಮಾಲಯದ ಚಾರಣಗಳು. ಬನಶಂಕರಿ 6ನೇ ಹಂತದ ಬಳಿಯ ತುರಹಳ್ಳಿ ಬಂಡೆಗಳ ಮೇಲೆ ಕೈ ಪಳಗಿಸಿಕೊಂಡವರು ರಾಮನಗರದ ಬೆಟ್ಟಗಳನ್ನು ಹತ್ತಿ, ಆಮೇಲೆ ಹಿಮಾಲಯದ ಕಡೆ ಮುಖ ಮಾಡುತ್ತಾರೆ. ಬಂಡೆ ಹಿಡಿತವನ್ನೂ ಧೈರ್ಯವನ್ನೂ ಕಲಿಸುತ್ತದೆ. ಹಿಮದ ಒಳಗೇನಿದೆ ಎಂಬುದನ್ನು ಕಲಿಸದು.

ಹಿಮಕುಸಿತ ಕನ್ನಡಿಗರ ಮನೆಮಾತಾದದ್ದು 2016ರ ಫೆಬ್ರುವರಿಯಲ್ಲಿ. ಆ ತಿಂಗಳ 3ರಂದು ಸಿಯಾಚಿನ್‌ನ ಸೋನಮ್ ಠಾಣೆಯಲ್ಲಿ, 19,000 ಅಡಿ ಮೀರಿದ ಎತ್ತರದಲ್ಲಿ, ಮದ್ರಾಸ್ ರೆಜಿಮೆಂಟಿನ 10 ಯೋಧರ ಮೇಲೆ ಹಿಮದ ಗೋಡೆ ಕುಸಿಯಿತು. ಆರು ದಿನಗಳ ಹುಡುಕಾಟದ ಬಳಿಕ ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಸುಮಾರು 25 ಅಡಿ ಆಳದಲ್ಲಿ ಜೀವಂತವಾಗಿ ಸಿಕ್ಕರು. ನಾಡಿಗೆ ನಾಡೇ ಅವರಿಗಾಗಿ ಹರಕೆ ಹೊತ್ತಿತು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಹಾಸನ ಮತ್ತು ಮೈಸೂರು ಜಿಲ್ಲೆಗಳೂ ಅದೇ ದುರಂತದಲ್ಲಿ ತಮ್ಮ ಮಕ್ಕಳನ್ನು ಕಳೆದುಕೊಂಡವು.

ಹನುಮಂತಪ್ಪ ಅಷ್ಟು ದಿನ ಬದುಕಿದ್ದು ಎಂಥ ಅಪರೂಪವೆಂಬುದಕ್ಕೆ ಸ್ವಿಟ್ಜರ್ಲೆಂಡಿನ ಅಪಘಾತಗಳನ್ನು ಆಧರಿಸಿ 1994ರಲ್ಲಿ ಪ್ರಕಟವಾದ ಅಧ್ಯಯನವೇ ಸಾಕ್ಷಿ. ಪೂರ್ತಿ ಹೂತುಹೋದವರನ್ನು 15 ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಉಳಿಯುತ್ತಾರೆ. 35 ನಿಮಿಷವಾದರೆ ಉಳಿಯುವವರು ಮೂವರಷ್ಟೇ. ಆದ್ದರಿಂದ ಪಕ್ಕದಲ್ಲಿರುವ ಜೊತೆಗಾರರೇ ಮೊದಲ ರಕ್ಷಕರು.

ಅಪಾಯ ಹುಟ್ಟುವುದು ಪದರಗಳಲ್ಲಿ. ಒಂದೊಂದು ಹಿಮಪಾತವೂ ಹಿಂದಿನದರ ಮೇಲೆ ಹೊಸ ಪದರವಾಗಿ ಕೂರುತ್ತದೆ. ಕೊರೆಯುವ ಚಳಿಯಲ್ಲಿ ತೆಳುವಾದ ಹಿಮದ ತಳಭಾಗ ಸಕ್ಕರೆಯ ಹಾಗೆ ಬಿಡಿಬಿಡಿ ಹರಳಾಗುತ್ತದೆ. ಅದರ ಮೇಲೆ ಗಾಳಿ ತಂದೊಟ್ಟಿದ ಗಟ್ಟಿ ಪದರ ಬಿದ್ದರೆ ಒಬ್ಬ ಚಾರಣಿಗನ ಭಾರವೇ ಇಡೀ ಹಾಸನ್ನು ಸೀಳಬಲ್ಲದು. ಬಹುಪಾಲು ಕುಸಿತಗಳು 30ರಿಂದ 45 ಡಿಗ್ರಿ ಇಳಿಜಾರಿನಲ್ಲೇ ಆಗುತ್ತವೆ. ಪೀರ್ ಪಂಜಾಲ್‌ನಲ್ಲಿ ತೇವದ ಭಾರೀ ಹಿಮ ಬಿದ್ದರೆ ಕಾರಕೋರಂನದು ಒಣ, ಸಡಿಲ ಹಿಮ. ಒಂದು ಕಡೆಯ ಅನುಭವ ಇನ್ನೊಂದು ಕಡೆಗೆ ಸಾಲದು.

ತರಬೇತಿಯೊಂದೇ ಕಾಯುವುದಿಲ್ಲ ಎಂಬುದೂ ನಿಜ. 2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತಂಡ ದ್ರೌಪದಿ ಕಾ ದಂಡಾ-2 ಶಿಖರದಲ್ಲಿ ಹಿಮಕುಸಿತಕ್ಕೆ ಸಿಕ್ಕಿ 29 ಜೀವಗಳು ಹೋದವು. ಅವರಲ್ಲಿ ಕರ್ನಾಟಕದವರೂ ಇದ್ದರು.

2024ರ ಜೂನ್ ಆರಂಭದಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣದಲ್ಲಿ ನಡೆದ ದುರಂತವನ್ನು ಹಲವರು ಹಿಮಕುಸಿತವೆಂದೇ ನೆನೆಯುತ್ತಾರೆ. ಅದು ಹಿಮಗಾಳಿ. ಕರ್ನಾಟಕ ಪರ್ವತಾರೋಹಣ ಸಂಸ್ಥೆಯ ಮೂಲಕ ಹೊರಟಿದ್ದ 22 ಮಂದಿಯ ತಂಡದಲ್ಲಿ 9 ಮಂದಿ ಚಳಿಗೆ ಬಲಿಯಾದರು. 13 ಮಂದಿಯನ್ನು ರಕ್ಷಿಸಲಾಯಿತು. ಈ ವ್ಯತ್ಯಾಸ ಮುಖ್ಯ. ಹಿಮಗಾಳಿಗೆ ಬೇಕಾದದ್ದು ಹವಾಮಾನ ನೋಡಿ ಬೇಗ ಹಿಂದಿರುಗುವ ನಿರ್ಧಾರ ಮತ್ತು ಬೆಚ್ಚನೆಯ ಆಸರೆ. ಹಿಮಕುಸಿತಕ್ಕೆ ಬೇಕಾದದ್ದು ಇಳಿಜಾರಿನ ಆಯ್ಕೆ, ಒಬ್ಬೊಬ್ಬರಾಗಿ ದಾಟುವ ಶಿಸ್ತು, ಹೂತವರನ್ನು ಪತ್ತೆಹಚ್ಚುವ ಸಂಕೇತ ಯಂತ್ರ, ಶೋಧನಾ ಕೋಲು, ಸಲಿಕೆ.

ಭಾರತದಲ್ಲಿ ಹಿಮಕುಸಿತದ ಅಧ್ಯಯನಕ್ಕೆ ನೆಲೆ 1969ರಲ್ಲಿ ಮನಾಲಿಯಲ್ಲಿ ಶುರುವಾದ ರಕ್ಷಣಾ ಇಲಾಖೆಯ ಹಿಮ ಅಧ್ಯಯನ ಸಂಸ್ಥೆ. 2020ರಲ್ಲಿ ಅದು ಮತ್ತೊಂದು ಪ್ರಯೋಗಾಲಯದೊಂದಿಗೆ ವಿಲೀನವಾಗಿ ಚಂಡೀಗಢದ ರಕ್ಷಣಾ ಭೂಮಾಹಿತಿ ಸಂಶೋಧನಾ ಸಂಸ್ಥೆಯಾಯಿತು. ಚಳಿಗಾಲದಲ್ಲಿ ಅದು ಹಿಮಕುಸಿತದ ಮುನ್ನೆಚ್ಚರಿಕೆ ಹೊರಡಿಸುತ್ತದೆ. ಚಾರಣ ಕಂಪನಿಗಳ ‘ಸುಲಭ’, ‘ಮಧ್ಯಮ’ ಎಂಬ ದರ್ಜೆಗಳು ದಾರಿಯ ಶ್ರಮವನ್ನು ಹೇಳುತ್ತವೆಯೇ ಹೊರತು ಆ ದಿನದ ಹಿಮದ ಸ್ಥಿತಿಯನ್ನಲ್ಲ. ಹಣ ಕಟ್ಟುವ ಮುನ್ನ ಆ ಮುನ್ನೆಚ್ಚರಿಕೆಯನ್ನು ಓದಿ. ಅದನ್ನು ಗಮನಿಸುವವರು ಯಾರು, ತಂಡವನ್ನು ಹಿಂದಕ್ಕೆ ಕರೆತರುವ ಅಧಿಕಾರ ಯಾರದು ಎಂದು ಸಂಘಟಕರನ್ನು ಕೇಳಿ.