ಓಟಿಲ್ಲದವರ ಅಧ್ಯಕ್ಷೀಯ ಚುನಾವಣೆ

ಅಧ್ಯಕ್ಷೀಯ ಚುನಾವಣೆ ಅಂದ ಕೂಡಲೇ ಟಿವಿಯವರಾದ ನಮಗೆ ನೆನಪಾಗೋದು ಅಮೆರಿಕ. ಕೆಂಪು-ನೀಲಿ ನಕ್ಷೆ, ಇಬ್ಬರು ಅಭ್ಯರ್ಥಿಗಳ ಡಿಬೇಟು, ರಾತ್ರಿಯಿಡೀ ಎಣಿಕೆ. ಆದರೆ 2022ರ ಅಕ್ಟೋಬರ್‌ನಲ್ಲಿ ಅಂಥದ್ದೊಂದು ಚುನಾವಣೆ ನಮ್ಮ ಕಲಬುರಗಿಯ ಚಹಾದಂಗಡಿಗಳವರೆಗೂ ಬಂದಿತ್ತು. ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ಒಂದು ಕಡೆ ಮಲ್ಲಿಕಾರ್ಜುನ ಖರ್ಗೆ, ಇನ್ನೊಂದು ಕಡೆ ಶಶಿ ತರೂರ್. ಅಕ್ಟೋಬರ್ 17ಕ್ಕೆ ಮತದಾನ, 19ಕ್ಕೆ ಫಲಿತಾಂಶ. ಚಲಾವಣೆಯಾದ 9,385 ಮತಗಳಲ್ಲಿ ಖರ್ಗೆಯವರಿಗೆ 7,897, ತರೂರ್‌ಗೆ 1,072. ಉಳಿದ 416 ತಿರಸ್ಕೃತ.

ಆ ವಾರ ನಾನು ಮೈಕ್ ಹಿಡಿದು ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ, ಆಮೇಲೆ ಹುಮನಾಬಾದ್ ರಸ್ತೆಯ ಕಮಲಾಪುರದಲ್ಲಿ ಓಡಾಡಿದ್ದೆ. "ಖರ್ಗೆಯವರೋ, ತರೂರ್ ಅವರೋ?" ಅನ್ನೋದು ನನ್ನ ಪ್ರಶ್ನೆ. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಿದ್ದ ಒಬ್ಬ ತಾಯಿ ನನ್ನನ್ನೇ ಕೇಳಿದರು: "ಯಪ್ಪಾ, ಇದ್ರಾಗ ನಮಗ ಓಟ್ ಅದ ಏನು?" ಇಲ್ಲಮ್ಮಾ ಅಂದೆ. "ಮತ್ ನಮಗ್ಯಾಕ ಕೇಳ್ಲತ್ತಿ?"

ಒಳ್ಳೆಯ ಪ್ರಶ್ನೆ. ಓಟಿಲ್ಲದವರ ಅಭಿಪ್ರಾಯಕ್ಕೆ ಬೆಲೆ ಏನು? ಇದಕ್ಕೆ ಉತ್ತರ ಇತಿಹಾಸದಲ್ಲಿದೆ. ಅದೂ ನಮ್ಮ ಕರ್ನಾಟಕದ ಇತಿಹಾಸದಲ್ಲೇ ಇದೆ.

ಮೊದಲು ಪದದ ಕಥೆ ಕೇಳಿ. ಇವತ್ತು ನಮಗೆ 'ರಾಷ್ಟ್ರಪತಿ' ಬೇರೆ, ಪಕ್ಷದ 'ಅಧ್ಯಕ್ಷ' ಬೇರೆ. ಸ್ವಾತಂತ್ರ್ಯಕ್ಕೆ ಮುಂಚೆ ಹಾಗಿರಲಿಲ್ಲ. ಕಾಂಗ್ರೆಸ್ ಅಧ್ಯಕ್ಷರನ್ನೇ ಜನ ರಾಷ್ಟ್ರಪತಿ ಅನ್ನುತ್ತಿದ್ದರು. 1937ರಲ್ಲಿ ನೆಹರೂ 'ಚಾಣಕ್ಯ' ಅನ್ನೋ ಗುಪ್ತನಾಮದಲ್ಲಿ ತಮ್ಮನ್ನೇ ಟೀಕಿಸಿಕೊಂಡು ಬರೆದ ಲೇಖನದ ತಲೆಬರಹವೂ 'ರಾಷ್ಟ್ರಪತಿ'ಯೇ. 1939ರಲ್ಲಿ ಸುಭಾಷ್‌ಚಂದ್ರ ಬೋಸ್ 1,580 ಮತ ಪಡೆದು, 1,377 ಮತ ಪಡೆದ ಪಟ್ಟಾಭಿ ಸೀತಾರಾಮಯ್ಯ ಅವರನ್ನು ಸೋಲಿಸಿದ್ದು ಇದೇ ಹುದ್ದೆಗೆ. ಓಟು ಹಾಕಿದವರು ಮೂರು ಸಾವಿರದಷ್ಟು ಜನ. ಮಾತಾಡಿದ್ದು ಇಡೀ ದೇಶ.

ಈಗ ಬನ್ನಿ 1969ಕ್ಕೆ. ಆ ವರ್ಷ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಆಗ ಕಾಂಗ್ರೆಸ್ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. ಮೈಸೂರು ರಾಜ್ಯದ ಮುಖ್ಯಮಂತ್ರಿ ಇದೇ ಕಲಬುರಗಿ ಜಿಲ್ಲೆ ಚಿಂಚೋಳಿ ಕಡೆಯ ವೀರೇಂದ್ರ ಪಾಟೀಲ. ಜುಲೈನಲ್ಲಿ ಎಐಸಿಸಿ ಅಧಿವೇಶನ ಸೇರಿದ್ದು ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ. ಇಂದಿರಾ ಗಾಂಧಿಯವರ ಮನಸ್ಸಿನಲ್ಲಿ ಜಗಜೀವನ್ ರಾಮ್ ಇದ್ದರು. ಪಕ್ಷದ ಹಿರಿಯರು ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿದರು. ಇಂದಿರಾ ರೆಡ್ಡಿಯವರ ನಾಮಪತ್ರಕ್ಕೆ ಸಹಿ ಹಾಕಿದರು. ಆದರೆ ಉಪರಾಷ್ಟ್ರಪತಿಯಾಗಿದ್ದ ವಿ.ವಿ. ಗಿರಿ ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ಕಣಕ್ಕಿಳಿದರು. ಸ್ವತಂತ್ರ ಪಕ್ಷ ಮತ್ತು ಜನಸಂಘದ ಬೆಂಬಲದಲ್ಲಿ ಸಿ.ಡಿ. ದೇಶಮುಖ್ ಮೂರನೆಯವರು.

ನಿಜಲಿಂಗಪ್ಪನವರು ಎರಡನೇ ಪ್ರಾಶಸ್ತ್ಯದ ಮತಕ್ಕಾಗಿ ಜನಸಂಘ ಮತ್ತು ಸ್ವತಂತ್ರ ಪಕ್ಷದವರ ಜೊತೆ ಮಾತಾಡಿದರು. ಇಂದಿರಾ ಅದನ್ನೇ ಹಿಡಿದುಕೊಂಡರು. ವಿಪ್ ಹೊರಡಿಸಲ್ಲ, ಶಾಸಕರು, ಸಂಸದರು 'ಆತ್ಮಸಾಕ್ಷಿ'ಯಂತೆ ಮತ ಹಾಕಲಿ ಅಂದರು. ಆಗಸ್ಟ್ 16ಕ್ಕೆ ಮತದಾನ, 20ಕ್ಕೆ ಎಣಿಕೆ. ಮೊದಲ ಸುತ್ತಿನಲ್ಲಿ ಯಾರಿಗೂ ಬಹುಮತ ಇಲ್ಲ. ಎರಡನೇ ಪ್ರಾಶಸ್ತ್ಯ ಎಣಿಸಿದ ಮೇಲೆ ಗಿರಿಯವರ ಮತಮೌಲ್ಯ 4,20,077, ರೆಡ್ಡಿಯವರದು 4,05,427. ಪಕ್ಷದ ಅಧಿಕೃತ ಅಭ್ಯರ್ಥಿ ಸೋತಿದ್ದರು. ನವೆಂಬರ್ 12ಕ್ಕೆ ನಿಜಲಿಂಗಪ್ಪನವರು ಪ್ರಧಾನಿಯನ್ನೇ ಪಕ್ಷದಿಂದ ಉಚ್ಚಾಟಿಸಿದರು. ಕಾಂಗ್ರೆಸ್ ಎರಡಾಯಿತು.

ಇಲ್ಲಿ ಗಮನಿಸಬೇಕಾದ ಒಂದು ಅಂಶ ಇದೆ. 'ಆತ್ಮಸಾಕ್ಷಿ' ಅನ್ನೋ ಮಾತು ಲೆಕ್ಕಕ್ಕೆ ಶಾಸಕರು ಮತ್ತು ಸಂಸದರಿಗೆ ಮಾತ್ರ ಹೇಳಿದ್ದು. ಕೇಳಿಸಿಕೊಂಡವರು ಕೋಟ್ಯಂತರ. ರೇಡಿಯೋ, ಪತ್ರಿಕೆಗಳಲ್ಲಿ ಸಿಂಡಿಕೇಟ್, ಇಂಡಿಕೇಟ್ ಅನ್ನೋ ಪದಗಳು ಹರಿದಾಡಿದವು. ಅದೇ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವೂ ಆಗಿತ್ತು. ಹಾಗಾಗಿ ಆತ್ಮಸಾಕ್ಷಿ ಅಂದರೆ ಬಡವರ ಕಡೆ, ಅಧಿಕೃತ ಅಂದರೆ ದೊಡ್ಡವರ ಕಡೆ ಅನ್ನೋ ಅರ್ಥ ಜನರ ಮನಸ್ಸಲ್ಲಿ ಕೂತಿತು. ಅದು ಪೂರ್ತಿ ನಿಜವೋ ಅಲ್ಲವೋ, ಚರ್ಚೆ ಬೇರೆ. ಆ ಅರ್ಥಕ್ಕೆ ಓಟು ಬಿದ್ದದ್ದಂತೂ ನಿಜ. 1971ರ ಲೋಕಸಭಾ ಚುನಾವಣೆಯಲ್ಲಿ 'ಗರೀಬಿ ಹಟಾವೋ' ಅಂದ ಇಂದಿರಾ ಕಾಂಗ್ರೆಸ್ ಮೈಸೂರು ರಾಜ್ಯದ 27ಕ್ಕೆ 27 ಸ್ಥಾನ ಗೆದ್ದಿತು. ನಿಜಲಿಂಗಪ್ಪನವರ ಸ್ವಂತ ರಾಜ್ಯದಲ್ಲೇ ಅವರ ಸಂಸ್ಥಾ ಕಾಂಗ್ರೆಸ್‌ಗೆ ಸೊನ್ನೆ. ಓಟಿಲ್ಲದ ಚುನಾವಣೆಯನ್ನು ನೋಡಿದ ಜನ, ಓಟಿದ್ದ ಚುನಾವಣೆಯಲ್ಲಿ ತೀರ್ಪು ಕೊಟ್ಟಿದ್ದರು.

ಅದೇ 1969ರಲ್ಲಿ ಕಲಬುರಗಿಯ ಎಂಎಸ್‌ಕೆ ಮಿಲ್ ಕಾರ್ಮಿಕರ ಸಂಘಕ್ಕೆ ಕಾನೂನು ಸಲಹೆಗಾರನಾಗಿದ್ದ ಯುವ ವಕೀಲನೊಬ್ಬ ಕಾಂಗ್ರೆಸ್ ಸೇರಿ, ನಗರ ಘಟಕದ ಅಧ್ಯಕ್ಷನಾದ. 1972ರಲ್ಲಿ ಗುರುಮಠಕಲ್‌ನಿಂದ ವಿಧಾನಸಭೆಗೆ ಹೋದ. ಅವರೇ ಮಲ್ಲಿಕಾರ್ಜುನ ಖರ್ಗೆ. 53 ವರ್ಷದ ನಂತರ, ನಿಜಲಿಂಗಪ್ಪನವರು ಕೂತಿದ್ದ ಕುರ್ಚಿಗೆ ಕರ್ನಾಟಕದಿಂದ ಹೋದ ಇನ್ನೊಬ್ಬರೂ ಅವರೇ.

2022ರಲ್ಲೂ 'ಅಧಿಕೃತ ಅಭ್ಯರ್ಥಿ' ಅನ್ನೋ ಪದ ವಾಪಸ್ ಬಂತು. ಈ ಸಲ ಅದು ಯಾರಿಗೂ ಬೇಡವಾಗಿತ್ತು. ಗಾಂಧಿ ಕುಟುಂಬ ತಟಸ್ಥ ಅಂತ ಎಲ್ಲರೂ ಹೇಳಿದರು. ಆದರೆ ಕಣ ಸಮತಟ್ಟಾಗಿಲ್ಲ ಅಂತ ತರೂರ್ ದೂರಿದರು. ತರೂರ್ ವಿಶ್ವಸಂಸ್ಥೆಯಲ್ಲಿ ದುಡಿದವರು, 2006ರಲ್ಲಿ ಅದರ ಮಹಾಕಾರ್ಯದರ್ಶಿ ಸ್ಥಾನಕ್ಕೂ ಸ್ಪರ್ಧಿಸಿದವರು. ಅವರ ಪ್ರಚಾರದಲ್ಲಿ ನಾಳೆ, ಬದಲಾವಣೆ, ಸುಧಾರಣೆ ಇತ್ತು. ಸೂಪರ್ ಮಾರ್ಕೆಟ್‌ನ ಒಬ್ಬ ಆಟೋ ಅಣ್ಣ ಅವರ ಬಗ್ಗೆ ಹೇಳಿದ್ದು ಹೀಗೆ: "ಇಂಗ್ಲಿಷ್ ಭಾಳ ಛಲೋ ಅದ್ರಿ ಸರ. ಆದ್ರ ಅವರು ಬೈದ್ರೂ ನಮಗ ಹೊಗಳ್ಯಾರ ಅಂತ ಅನಸ್ತದ."

ಖರ್ಗೆಯವರ ಭಾಷೆಯದು ಬೇರೆ ಕಥೆ. ನಿಜಾಮರ ಕಾಲದಲ್ಲಿ ಕಲಬುರಗಿಯ ಕಚೇರಿ, ಕೋರ್ಟಿನ ಭಾಷೆ ಉರ್ದು. 1948ರಲ್ಲಿ ಆ ಆಳ್ವಿಕೆ ಮುಗಿದು, 1956ರಲ್ಲಿ ಮೈಸೂರು ರಾಜ್ಯ ಸೇರಿದ ಮೇಲೂ ಇಲ್ಲಿನ ಬಜಾರಿನಲ್ಲಿ ಕನ್ನಡ, ದಖನಿ ಉರ್ದು ಎರಡೂ ಒಂದೇ ಬಾಯಲ್ಲಿ ಬರುತ್ತವೆ. ಪ್ರಚಾರದ ವೇಳೆ ಭೋಪಾಲದಲ್ಲಿ "ಮುಂದೆ ಪ್ರಧಾನಿ ಅಭ್ಯರ್ಥಿ ಯಾರು?" ಅಂತ ಕೇಳಿದಾಗ ಖರ್ಗೆ ಒಂದು ಗಾದೆ ಹೇಳಿದರು. ಬಕ್ರೀದ್‌ನಲ್ಲಿ ಉಳಿದರೆ ಮೊಹರಂನಲ್ಲಿ ಕುಣಿತೀವಿ ಅಂತ. ದಿಲ್ಲಿಯಲ್ಲಿ ದೊಡ್ಡ ವಿವಾದವಾಯಿತು. ಮೊಹರಂ ಶೋಕದ ದಿನ, ಅಲ್ಲಿ ಕುಣಿತ ಎಲ್ಲಿಂದ ಬಂತು ಅಂತ ಬಿಜೆಪಿಯವರು ಕೇಳಿದರು. ಆ ಮಾತಿಗೂ ಆಧಾರ ಇದೆ, ಶಿಯಾ ಮುಸ್ಲಿಮರಿಗೆ ಅದು ಕರ್ಬಲಾದ ದುಃಖವೇ. ಆದರೆ ಕಲಬುರಗಿ ಸೀಮೆಯ ಹಳ್ಳಿಗಳಲ್ಲಿ ಮೊಹರಂ ಅಂದರೆ ಅಲಾಯಿ ದೇವರು, ಹಲಗೆ ಸದ್ದು, ಜಾತಿ-ಧರ್ಮ ಕೇಳದೆ ಹಾಕುವ ಹೆಜ್ಜೆ ಕುಣಿತ. ಕಮಲಾಪುರದ ಚಹಾದಂಗಡಿಯಲ್ಲಿ ಒಬ್ಬ ಹಿರಿಯರು ನಕ್ಕು ಹೇಳಿದರು: "ಇದು ಕುರಿ ಹೇಳೋ ಮಾತ್ರೀ ತಮ್ಮಾ. ಮೊದ್ಲ ಜೀವ ಉಳೀಲಿ, ಆಮ್ಯಾಲ ಮುಂದಿಂದು."

ಅದೇ ಅಂಗಡಿಯ ಯುವಕನಿಗೆ ಗಾದೆ ರುಚಿಸಲಿಲ್ಲ. "ಸಾಹೇಬ್ರು ಅಧ್ಯಕ್ಷ ಆದ್ರ ಹೆಮ್ಮಿ ಅದರಿ. ಆದ್ರ ಹೆಮ್ಮಿಲಿಂದ ನಮ್ ಊರಿಗಿ ಏನ್ ಬರ್ತದ?" ಅಂದ.

ನಾನು ಇಂಜಿನಿಯರಿಂಗ್ ಓದಿದವನು. ಅಲ್ಲಿ ಸಿಗ್ನಲ್ ಮತ್ತು ನಾಯ್ಸ್ ಬೇರ್ಪಡಿಸೋದನ್ನ ಕಲಿಸ್ತಾರೆ. ಸ್ಟುಡಿಯೋದಲ್ಲಿ ಗಾದೆಯ ಗದ್ದಲ ನಡೆಯುವಾಗ ನಿಜವಾದ ಸಿಗ್ನಲ್ ಈ ಹುಡುಗನ ಪ್ರಶ್ನೆಯಲ್ಲಿತ್ತು. ಮುಂದಿನ ಅಂಕಿಗಳನ್ನು ನೋಡಿ. 2019ರಲ್ಲಿ ಇದೇ ಗುಲ್ಬರ್ಗ ಕ್ಷೇತ್ರದ ಜನ 'ಸೋಲಿಲ್ಲದ ಸರದಾರ'ನನ್ನು 95,452 ಮತಗಳಿಂದ ಸೋಲಿಸಿ ಉಮೇಶ್ ಜಾಧವ್ ಅವರನ್ನು ಕಳಿಸಿದ್ದರು. 2022ರಲ್ಲಿ ಖರ್ಗೆ ಗೆದ್ದಾಗ ಕಲಬುರಗಿಯಲ್ಲಿ ಪಟಾಕಿ ಹೊಡೆದರು. 2023ರ ಮೇ ತಿಂಗಳಲ್ಲಿ ಕಮಲಾಪುರ ಸೇರಿರುವ ಕಲಬುರಗಿ ಗ್ರಾಮೀಣ ಕ್ಷೇತ್ರ ಮತ್ತೆ ಬಿಜೆಪಿಯ ಬಸವರಾಜ ಮತ್ತಿಮಡು ಅವರನ್ನೇ ಆರಿಸಿತು. 2024ರಲ್ಲಿ ಲೋಕಸಭೆಗೆ ಖರ್ಗೆಯವರ ಅಳಿಯ ರಾಧಾಕೃಷ್ಣ ದೊಡ್ಡಮನಿ 27,205 ಮತಗಳಿಂದ ಗೆದ್ದರು. ಹೆಮ್ಮೆಯ ಜೇಬು ಬೇರೆ, ಓಟಿನ ಜೇಬು ಬೇರೆ. ನಮ್ಮ ಜನ ಎರಡನ್ನೂ ಕಲಸಿಕೊಳ್ಳೋದಿಲ್ಲ.

ಬಾಳೆಹಣ್ಣಿನ ತಾಯಿಯ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇಷ್ಟು. ಓಟಿಲ್ಲದ ಚುನಾವಣೆಯಲ್ಲೇ ಜನರನ್ನು ಕೇಳಬೇಕು, ಯಾಕೆಂದರೆ ಆಗ ಅವರಿಗೆ ಯಾರನ್ನೂ ಗೆಲ್ಲಿಸುವ ಹಂಗಿಲ್ಲ, ಅನ್ನಿಸಿದ್ದು ಹೇಳ್ತಾರೆ. ನಾಯಕರು ಆಡಿದ ಮಾತು, ಅದು ಆತ್ಮಸಾಕ್ಷಿಯಾಗಲಿ, ಗಾದೆಯಾಗಲಿ, ಅವರ ಕಿವಿಯಲ್ಲಿ ಉಳಿದಿರುತ್ತೆ. 1969ರಲ್ಲಿ ಕೇಳಿಸಿಕೊಂಡದ್ದಕ್ಕೆ 1971ರಲ್ಲಿ ಉತ್ತರ ಬಂತು. ಪಕ್ಷ ಯಾವುದೇ ಇರಲಿ, ನಾಲ್ಕು ಗೋಡೆ ನಡುವೆ ಅಧ್ಯಕ್ಷರನ್ನು ಆರಿಸುವವರು ಇದನ್ನು ಮರೆಯದಿದ್ದರೆ ಅವರಿಗೇ ಒಳ್ಳೆಯದು. ಹೊರಗೆ ನಿಂತವರು ಸುಮ್ಮನೆ ನಿಂತಿಲ್ಲ, ಕೇಳಿಸಿಕೊಳ್ತಾ ಇದ್ದಾರೆ.