ಸವಣೂರಿನ ದೊಡ್ಡಹುಣಸೆ



ಶಿಗ್ಗಾಂವಿಯಿಂದ ಪೂರ್ವಕ್ಕೆ ಹೊರಟರೆ ಸ್ವಲ್ಪ ಹೊತ್ತಿನಲ್ಲಿಯೇ ಸವಣೂರು ದೊರೆಯುತ್ತದೆ. ನವಾಬರ ರಾಜಧಾನಿಯೆಂದೂ ವೀಳ್ಯದೆಲೆಯ ಊರೆಂದೂ ಹೆಸರಾದ ಈ ಪಟ್ಟಣದ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿ ಬೆಳೆದ ಮೂರು ಮಹಾವೃಕ್ಷಗಳನ್ನು ನಿಮ್ಮಲ್ಲಿ ಅನೇಕರು ದರ್ಶಿಸಿರಬಹುದು. ಆನೆಯ ಮೈಯಂತೆ ಬೂದುಬಣ್ಣದ ತೊಗಟೆ, ಹಲವರು ಕೈ ಜೋಡಿಸಿದರೂ ತಬ್ಬಲಾಗದ ಕಾಂಡ, ಬೇಸಿಗೆಯಲ್ಲಿ ಬೇರನ್ನೇ ಮೇಲುಮಾಡಿ ನೆಟ್ಟಂತೆ ತೋರುವ ಬರಿಗೊಂಬೆಗಳು. ಮಠವು ಮರಕ್ಕೆ ಆಶ್ರಯವನ್ನಿತ್ತಿತು. ಮರವು ಮಠಕ್ಕೆ ತನ್ನ ಹೆಸರನ್ನಿತ್ತಿತು.

ಹೆಸರು ಹುಣಸೆಯಾದರೂ ಇದು ಹುಣಸೆಯ ಜಾತಿಯದಲ್ಲ. ಕಾಯಿಯೊಳಗಿನ ತಿರುಳು ಹುಳಿಯಾಗಿರುವುದರಿಂದ ಜನ ಹಾಗೆ ಕರೆದರು. ಸಸ್ಯಶಾಸ್ತ್ರದ ಪ್ರಕಾರ ಇದು ಬೂರುಗ ಮತ್ತು ಹತ್ತಿಗಳ ದೂರದ ಬಂಧು. ಫ್ರೆಂಚ್ ಪಂಡಿತನಾದ ಮಿಶೆಲ್ ಅದಾನ್ಸೋನನು ೧೭೪೯ರಲ್ಲಿ ಪಶ್ಚಿಮ ಆಫ್ರಿಕೆಯ ಸೆನೆಗಾಲಿನಲ್ಲಿ ಇದನ್ನು ಕಂಡು ವಿವರವಾಗಿ ವರ್ಣಿಸಿದನು. ಅವನ ಗೌರವಾರ್ಥ ಲಿನ್ನೇಯಸನು ಇದರ ಕುಲಕ್ಕೆ ಅಡನ್ಸೋನಿಯಾ ಎಂದು ಹೆಸರಿಟ್ಟನು. ಲೋಕರೂಢಿಯ ಹೆಸರು ಬಾವೋಬಾಬ್. ಇದರ ತವರು ಆಫ್ರಿಕೆಯ ಒಣ ಹುಲ್ಲುಗಾವಲು.

ಹಾಗಾದರೆ ಇದು ಸವಣೂರಿಗೆ ಬಂದುದು ಹೇಗೆ? ಶ್ರೀಕೃಷ್ಣನು ಆಫ್ರಿಕೆಯಿಂದ ಸಸಿಗಳನ್ನು ತಂದನೆಂದು ಸ್ಥಳೀಯರ ನಂಬಿಕೆ. ಎರಡು ಸಾವಿರ ವರ್ಷಗಳ ಮರಗಳೆಂಬುದು ಜನರ ಎಣಿಕೆ. ನಂಬಿಕೆಯನ್ನು ಹಗುರಾಗಿ ಕಾಣಲಾಗದು. ಆದರೆ ಇತಿಹಾಸವೆಂದು ಹೇಳುವಾಗ ಪ್ರಮಾಣವನ್ನು ಕೇಳಲೇಬೇಕು. ಈ ಮರದ ದಪ್ಪವು ವಯಸ್ಸಿಗೆ ಸಾಕ್ಷಿಯಲ್ಲ. ಅದಾನ್ಸೋನನೇ ಸುತ್ತಳತೆಯನ್ನು ಆಧರಿಸಿ ಲೆಕ್ಕ ಹಾಕಿ, ಕೆಲವು ಮರಗಳಿಗೆ ಐದು ಸಾವಿರ ವರ್ಷಗಳಿಗೂ ಮಿಗಿಲಾದ ಆಯುಷ್ಯವನ್ನು ಕಟ್ಟಿದ್ದನು. ಮುಂದೆ ಇಂಗಾಲದ ಪರೀಕ್ಷೆಯಿಂದ ಆಫ್ರಿಕೆಯ ಅತಿ ಹಿರಿಯ ಮರಗಳಲ್ಲಿ ಒಂದಕ್ಕೆ ಸುಮಾರು ೨೪೫೦ ವರ್ಷಗಳೆಂದು ಗೊತ್ತಾಯಿತು. ಹಲವು ಕಾಂಡಗಳು ಕೂಡಿ ಒಂದಾಗಿ ಬೆಳೆಯುವ ಮರವಾದುದರಿಂದ ಕಣ್ಣಳತೆ ಮೋಸಹೋಗುತ್ತದೆ.

೨೦೧೫ರಲ್ಲಿ ಪ್ರಕಟವಾದ ಒಂದು ವಂಶವಾಹಿ ಅಧ್ಯಯನವು ಈ ವಿಷಯಕ್ಕೆ ಹೊಸ ಬೆಳಕು ಚೆಲ್ಲಿದೆ. ಭಾರತದ ಬಾವೋಬಾಬ್ ಮರಗಳಿಗೆ ಅತ್ಯಂತ ಹತ್ತಿರದ ಬಂಧುಗಳು ಪೂರ್ವ ಆಫ್ರಿಕೆಯ ಮೊಂಬಾಸಾ ಮತ್ತು ದಾರ್ ಎಸ್ ಸಲಾಂ ನಡುವಿನ ಕರಾವಳಿಯಲ್ಲಿವೆ. ಬೀಜಗಳು ಒಮ್ಮೆ ಮಾತ್ರವಲ್ಲ, ದೀರ್ಘಕಾಲದಲ್ಲಿ ಹಲವು ಸಲ ಸಮುದ್ರ ದಾಟಿ ಬಂದಿವೆ. ಆ ಹಡಗುಗಳಲ್ಲಿ ವರ್ತಕರಿದ್ದರು, ಯಾತ್ರಿಕರಿದ್ದರು. ಸ್ವಂತ ಇಚ್ಛೆಯಿಲ್ಲದೆ ಸೆರೆಯಾಗಿ ಬಂದ ಆಫ್ರಿಕೆಯ ಜನರೂ ಇದ್ದರು. ಅವರಲ್ಲಿ ಕೆಲವರು ದಖ್ಖನಿನ ರಾಜ್ಯಗಳಲ್ಲಿ ದೊಡ್ಡ ಪದವಿಗೇರಿದರು. ವಿಜಾಪುರದ ಮಹಮ್ಮದ್ ಆದಿಲ್ ಶಾಹನ ಆಸ್ಥಾನದಲ್ಲಿ ಹಬಶಿ ಕುಲದ ಇಖ್ಲಾಸ್ ಖಾನನು ಮಂತ್ರಿಯಾಗಿದ್ದನು. ವಿಜಯಪುರದಲ್ಲಿಯೂ ಈ ಜಾತಿಯ ಹಳೆಯ ಮರಗಳುಂಟು. ನಮ್ಮ ಬಂಕಾಪುರ ಪ್ರಾಂತವೂ ಆದಿಲ್ ಶಾಹಿಯ ಅಧೀನದಲ್ಲಿದ್ದು, ೧೬೮೬ರಲ್ಲಿ ವಿಜಾಪುರವು ಔರಂಗಜೇಬನ ವಶವಾದ ಬಳಿಕ ಅಬ್ದುಲ್ ರವೂಫ್ ಖಾನನ ಜಹಗೀರಾಯಿತು. ಅವನ ವಂಶದವರೇ ಸವಣೂರಿನ ನವಾಬರು. ಈ ಸಂಬಂಧದ ಹಾದಿಯಲ್ಲಿ ಬೀಜವು ಇಲ್ಲಿಗೆ ಬಂದಿರಬಹುದೆಂಬುದು ಸಹಜವಾದ ಊಹೆ. ಊಹೆಯನ್ನು ಊಹೆಯೆಂದೇ ಹೇಳುವುದು ಧರ್ಮ.

ಹೀಗೆ ಹೇಳಿದರೆ ಮರದ ಮಹಿಮೆ ಕುಂದೀತೆ? ಖಂಡಿತ ಇಲ್ಲ. ನಮ್ಮ ನಿತ್ಯದ ಸಾರಿನ ಹುಣಸೆಯೂ ಆಫ್ರಿಕೆಯಿಂದ ಬಂದುದೇ. ಬಂದುದನ್ನು ನಮ್ಮದಾಗಿಸಿಕೊಂಡ ನಾಡು ನಮ್ಮದು. ಅಜ್ಞಾತನಾದ ಯಾವನೋ ಒಬ್ಬನು ತನ್ನ ಬಾಳಿನಲ್ಲಿ ನೆರಳನ್ನೂ ಕಾಣಲಾರದ ಮರಕ್ಕೆ ಬೀಜವೂರಿ ನೀರೆರೆದನಲ್ಲ, ಮಹಿಮೆಯಿರುವುದು ಅಲ್ಲಿ.

ಇನ್ನು ಕಳವಳದ ಸಂಗತಿ. ೨೦೨೩ರ ಜುಲೈ ತಿಂಗಳ ಮಳೆಯಲ್ಲಿ ಈ ಮೂರರಲ್ಲಿ ಒಂದು ಮರ ಉರುಳಿಬಿದ್ದಿತು. ಎಷ್ಟೋ ಬರಗಾಲಗಳನ್ನು ಕಂಡ ಮರವು ಬಿದ್ದುದು ಮಳೆಗಾಲದಲ್ಲಿ ಎಂಬುದನ್ನು ವಾಚಕರು ಗಮನಿಸಬೇಕು. ಭಕ್ತರು ಕಣ್ಣೀರಿಟ್ಟರು. ಅರಣ್ಯ ಇಲಾಖೆಯವರು ಕೊಂಬೆಗಳನ್ನು ಸವರಿ, ಬುಡಕ್ಕೆ ಉಪಚಾರ ಮಾಡಿ, ಕ್ರೇನುಗಳಿಂದ ಎತ್ತಿ ಮತ್ತೆ ನಿಲ್ಲಿಸಿದರು. ಕೆಲವು ವಾರಗಳಲ್ಲಿ ಅದು ಚಿಗುರಿತು. ಅಷ್ಟೊಂದು ನೀರನ್ನು ಒಡಲಲ್ಲಿ ಹಿಡಿದಿಡುವ ಮರಕ್ಕೆ ಅದು ಸಾಧ್ಯವಾಯಿತು.

ಆದರೆ ಇಷ್ಟು ಕಾಲದಲ್ಲಿ ಮೂರು ಮರಗಳು ಮೂವತ್ತೇಕೆ ಆಗಲಿಲ್ಲ? ಇದರ ಬೀಜದ ಕವಚ ಕಲ್ಲಿನಂತೆ ಗಟ್ಟಿ. ತವರಿನಲ್ಲಿ ಆನೆಗಳೂ ಕೋತಿಗಳೂ ಕಾಯಿಯನ್ನು ತಿಂದು ಬೀಜವನ್ನು ದೂರದೂರಕ್ಕೆ ಹರಡುತ್ತವೆ. ನಮ್ಮ ಸೀಮೆಯಲ್ಲಿ ಆ ಕೆಲಸವನ್ನು ಮಾಡುವವರಾರು? ಮನುಷ್ಯನ ಕೈಯಿಂದ ಬಂದ ಮರವು ಮನುಷ್ಯನ ಕೈಯಿಂದಲೇ ಬೆಳೆಯಬೇಕು. ಕೈಮುಗಿದು ಪ್ರದಕ್ಷಿಣೆ ಹಾಕಿದರೆ ಸಾಲದು.

ಬೆಳೆಸುವ ಕ್ರಮ ಕಠಿಣವಲ್ಲ. ಬೀಜಗಳ ಮೇಲೆ ಕುದಿನೀರು ಸುರಿದು ಒಂದು ದಿನ ನೆನೆಯಲು ಬಿಡಬೇಕು. ಇಲ್ಲವೆ ಕವಚವನ್ನು ಒಂದು ಕಡೆ ಕಲ್ಲಿಗೆ ಉಜ್ಜಬೇಕು. ಉಸುಕು ಬೆರೆಸಿದ ಮಸಾರಿ ಮಣ್ಣಿನಲ್ಲಿ ಬಿತ್ತಬೇಕು. ಬೇರು ಆಳಕ್ಕಿಳಿದು ಗಡ್ಡೆಯಂತೆ ದಪ್ಪವಾಗುವುದರಿಂದ ಚೀಲ ಆಳವಾಗಿರಲಿ. ಮುಂಗಾರಿನ ಆರಂಭದಲ್ಲಿ, ಗೋಡೆ ಕಟ್ಟಡಗಳಿಂದ ದೂರದಲ್ಲಿ, ನೀರು ನಿಲ್ಲದ ಎತ್ತರದ ನೆಲದಲ್ಲಿ ನೆಡಬೇಕು. ನೀರು ಹಿಡಿದಿಡುವ ಎರೆಭೂಮಿಯಾದರೆ ದಿಬ್ಬ ಮಾಡಿ ನೆಡುವುದು ಲೇಸು. ದನಕರುಗಳು ತಿನ್ನದಂತೆ ಬೇಲಿ ಬೇಕು. ಸಂಜೆ ಅರಳುವ ಇದರ ಬಿಳಿಯ ಹೂಗಳಿಗೆ ಬಾವಲಿಗಳೇ ಮುಖ್ಯ ಪರಾಗವಾಹಕರು. ಕಾಯಿ ಚೆನ್ನಾಗಿ ಕಟ್ಟಲು ಬೇರೆ ಮರದ ಪರಾಗ ಬೇಕಾದುದರಿಂದ ಒಂದನ್ನೇ ನೆಡದೆ ಎರಡು ಮೂರು ಸಸಿಗಳನ್ನು ಸಮೀಪದಲ್ಲಿ ನೆಡುವುದು ಯುಕ್ತ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಹಿಂದೊಮ್ಮೆ ನಾವು ಮಠದ ಹಿತ್ತಲಲ್ಲಿ ಇದರ ಒಂದು ಸಸಿಯನ್ನು ಬೆಳೆಸಿದ್ದೆವು. ಚಳಿಗಾಲದಲ್ಲಿ ಅದು ಎಲೆಯುದುರಿಸಿತು. ಬಾಯಾರಿತೆಂದು ತಿಳಿದು ದಿನವೂ ಕೊಡಗಟ್ಟಲೆ ನೀರು ಹಾಕಿಸಿದೆವು. ಮಾಘ ಮುಗಿಯುವುದರೊಳಗೆ ಬುಡ ಕೊಳೆತು ಸಸಿ ಸತ್ತಿತು. ಅದು ಸಾಯುತ್ತಿರಲಿಲ್ಲ, ವಿಶ್ರಮಿಸುತ್ತಿತ್ತು. ಕೊಂದುದು ನಮ್ಮ ಅಕ್ಕರೆ. ಅರಿವಿಲ್ಲದ ಅಕ್ಕರೆಯೂ ಕೇಡನ್ನೇ ತರುತ್ತದೆಂದು ಆ ಸಸಿ ನಮಗೆ ಕಲಿಸಿತು. ಎಲೆಯಿಲ್ಲದ ಕಾಲದಲ್ಲಿ ಅದಕ್ಕೆ ನೀರೆರೆಯಬೇಡಿರಿ. ಹಳೆಯ ಮರಗಳ ಬುಡಕ್ಕೆ ಸಿಮೆಂಟಿನ ಕಟ್ಟೆ ಕಟ್ಟಿಸುವ ಸೇವೆಯನ್ನೂ ದಯಮಾಡಿ ಬಿಡಿರಿ.

ನಮ್ಮ ಮಠದ ಶಾಲೆಗಳಲ್ಲಿ ಓದಿ ಹೋದವರು ಇಂದು ನಾಡಿನೆಲ್ಲೆಡೆ ಇದ್ದೀರಿ. ನಿಮ್ಮ ಊರಿನ ಶಾಲೆಯ ಬಯಲಿನಲ್ಲಿಯೋ ಗುಡಿಯ ಹಿಂದಿನ ಮರಡಿಯಲ್ಲಿಯೋ ಎರಡು ಸಸಿಗಳಿಗೆ ಸ್ಥಳ ದೊರೆಯದೆ ಇರದು. ಮೊದಲ ಹೂವಿಗೇ ಹದಿನೈದು ಇಪ್ಪತ್ತು ವರ್ಷ ಕಾಯಬೇಕು. ಅದರ ಪೂರ್ಣ ವೈಭವವನ್ನು ನಾವಾರೂ ನೋಡಲಾರೆವು. ಫಲವನ್ನು ತಾನುಣ್ಣದೆ ಮುಂದಿನವರಿಗೆಂದು ಮಾಡುವ ಈ ಕಾಯಕವೇ ದಾಸೋಹ. ಸವಣೂರಿನಲ್ಲಿ ಅಂದು ಬೀಜವೂರಿದ ಆ ಅಜ್ಞಾತನ ಋಣವನ್ನು ತೀರಿಸಲು ಬೇರೆ ದಾರಿಯಿಲ್ಲ.