ಮೇದೋಜೀರಕದ ನೀರುಗುಳ್ಳೆ: ಯಾವುದಕ್ಕೆ ಹೆದರಬೇಕು?

ಹೊಟ್ಟೆನೋವೆಂದು ನಗರ, ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆಯವರು ಶಿವಮೊಗ್ಗಕ್ಕೋ, ಘಾಟಿ ಇಳಿದು ಮಣಿಪಾಲಕ್ಕೋ ಹೋಗಿ ಸ್ಕ್ಯಾನ್ ಮಾಡಿಸುತ್ತಾರೆ. ಹುಡುಕಿದ್ದು ಪಿತ್ತಕೋಶದ ಕಲ್ಲು. ವರದಿಯಲ್ಲಿ ಸಿಕ್ಕಿದ್ದು ಮೇದೋಜೀರಕ ಗ್ರಂಥಿಯಲ್ಲೊಂದು ‘ಸಿಸ್ಟ್’. ಬೇರೆ ಕಾರಣಕ್ಕೆ ತೆಗೆದ ಸಿ.ಟಿ. ಸ್ಕ್ಯಾನ್‌ಗಳಲ್ಲಿ ನೂರಕ್ಕೆ ಎರಡು-ಮೂರರಲ್ಲಿ ಇಂಥ ಗುಳ್ಳೆ ಕಾಣುತ್ತದೆ, ಎಂ.ಆರ್.ಐ.ಯಲ್ಲಿ ಇನ್ನೂ ಹೆಚ್ಚು. ಕ್ಯಾನ್ಸರ್‌ಗೆ ತಿರುಗುವವು ಅವುಗಳಲ್ಲಿ ಕೆಲವೇ. ಆ ಕೆಲವನ್ನು ಮೊದಲೇ ಗುರುತಿಸುವುದು ಹೇಗೆಂದು ವೈದ್ಯರು ಸುಮಾರು ಐದು ದಶಕಗಳಿಂದ ಹುಡುಕುತ್ತಿದ್ದಾರೆ.

ಮೊದಲ ಗೆರೆ ಎಳೆದವರು ಅಮೆರಿಕದ ಕಂಪಾನ್ಯೊ ಮತ್ತು ಓರ್ಟೆಲ್. 1978ರಲ್ಲಿ ಅವರು ತಿಳಿನೀರಿನ ಗುಳ್ಳೆಗಳನ್ನು ಲೋಳೆ ತುಂಬಿದವುಗಳಿಂದ ಬೇರ್ಪಡಿಸಿದರು. ತಿಳಿನೀರಿನದು ಬಹುಮಟ್ಟಿಗೆ ನಿರಪಾಯ, ಲೋಳೆಯದಕ್ಕೆ ಕ್ಯಾನ್ಸರ್ ಆಗುವ ಗುಣವಿದೆ. 1982ರಲ್ಲಿ ಜಪಾನಿನ ಒಹಾಶಿ ತಂಡ ಗ್ರಂಥಿಯ ನಾಳದೊಳಗೇ ಲೋಳೆ ಸುರಿಸುವ ಗೆಡ್ಡೆಯನ್ನು ವಿವರಿಸಿತು. ಇಂದು ಅದರ ಹೆಸರು ಐಪಿಎಂಎನ್. ಅದು ಮುಖ್ಯನಾಳದಲ್ಲಿದ್ದರೆ ಅಪಾಯ ಹೆಚ್ಚು, ಕವಲುನಾಳದಲ್ಲಿದ್ದರೆ ಕಡಿಮೆ.

ನಮ್ಮಲ್ಲಿ ಇನ್ನೊಂದು ಬಗೆಯೂ ಧಾರಾಳವಾಗಿದೆ. ಮದ್ಯದಿಂದಲೋ ಪಿತ್ತದ ಕಲ್ಲಿನಿಂದಲೋ ಗ್ರಂಥಿ ಊದಿಕೊಂಡು, ಆಮೇಲೆ ದ್ರವ ಕಟ್ಟಿಕೊಂಡ ಹುಸಿಗುಳ್ಳೆ ಅದು. ಅದಕ್ಕೆ ಕ್ಯಾನ್ಸರ್ ಗುಣವಿಲ್ಲ. ಆದರೆ ಕೇರಳದಲ್ಲಿ ಪಿ.ಜೆ. ಗೀವರ್ಗೀಸ್ ವಿವರವಾಗಿ ದಾಖಲಿಸಿದ, ಗ್ರಂಥಿಯಲ್ಲೇ ಕಲ್ಲು ಕಟ್ಟುವ ಉಷ್ಣವಲಯದ ಕಾಯಿಲೆ ಇದ್ದವರು ಎಚ್ಚರದಿಂದಿರಬೇಕು. ಅಲ್ಲಿ ಗುಳ್ಳೆಗಿಂತ ಆ ಕಾಯಿಲೆಯೇ ಕ್ಯಾನ್ಸರ್‌ಗೆ ದಾರಿಯಾಗಬಹುದು.

ಗುಳ್ಳೆಯ ಬಗೆ ತಿಳಿಯಲು ಎಂಡೋಸ್ಕೋಪಿಯ ತುದಿಗೇ ಅಲ್ಟ್ರಾಸೌಂಡ್ ಬಂತು. ಬಾಯಿಯಿಂದ ಕೊಳವೆ ಇಳಿಸಿ, ಜಠರದ ಗೋಡೆಯ ಮೂಲಕ ಸೂಜಿ ಹಾಯಿಸಿ ದ್ರವ ಎಳೆಯುತ್ತಾರೆ. ಒಂದು ಹನಿಯನ್ನು ಕೈಗವಸಿನ ಎರಡು ಬೆರಳ ನಡುವೆ ಹಿಡಿದು ಬಿಡಿಸುತ್ತಾರೆ. ತುಂಡಾಗದೆ ಸೆಂಟಿಮೀಟರಿನಷ್ಟು ಎಳೆ ಬಂದರೆ ಲೋಳೆಯ ಸಂಶಯ. ಮಿಕ್ಕಿದ್ದು ಪ್ರಯೋಗಾಲಯಕ್ಕೆ. 2004ರಲ್ಲಿ ಬ್ರೂಗಿ ತಂಡ ದ್ರವದಲ್ಲಿ ಸಿಇಎ ಎಂಬ ಪ್ರೋಟೀನು ಮಿಲಿಲೀಟರಿಗೆ 192 ನ್ಯಾನೊಗ್ರಾಂ ಮೀರಿದರೆ ಅದು ಲೋಳೆಗುಳ್ಳೆ ಎಂದಿತು. ನಿಖರತೆ ನೂರಕ್ಕೆ 79. ಸಕ್ಕರೆ ಅಂಶ ಕಡಿಮೆಯಿದ್ದರೂ ಅದೇ ಸೂಚನೆ ಎಂಬುದು ಆಮೇಲೆ ತಿಳಿಯಿತು. ಆದರೆ ಇವೆರಡೂ ಗುಳ್ಳೆಯ ಬಗೆಯನ್ನು ಹೇಳುತ್ತವೆ, ಕ್ಯಾನ್ಸರ್ ಆಗಿದೆಯೇ ಎಂದು ಹೇಳುವುದಿಲ್ಲ.

ಕತ್ತರಿಸಬೇಕೋ ಕಾಯಬೇಕೋ ಎಂಬ ತೀರ್ಮಾನಕ್ಕೆ 2006ರ ಸೆಂಡೈ ಸೂತ್ರ ಎಂಬ ವೈದ್ಯರ ಮಾರ್ಗಸೂಚಿ ಮೂರು ಸೆಂಟಿಮೀಟರ್ ಗಾತ್ರವನ್ನೇ ಮುಖ್ಯ ಗಡಿ ಮಾಡಿತ್ತು. ಹಾಗೆ ತೆಗೆದ ಎಷ್ಟೋ ಗುಳ್ಳೆಗಳು ನಿರಪಾಯವೆಂದು ಕಂಡವು. ಈ ಶಸ್ತ್ರಕ್ರಿಯೆಯಾದರೋ ಹಗುರದ್ದಲ್ಲ. 2012ರ ಫುಕುವೋಕ ಸೂತ್ರ ಗಾತ್ರದ ಪಟ್ಟು ಸಡಿಲಿಸಿ ಲಕ್ಷಣಗಳನ್ನು ಮುಂದೆ ತಂದಿತು. 2024ರಲ್ಲಿ ಪ್ರಕಟವಾದ ಕ್ಯೋಟೊ ಸೂತ್ರದ ಪ್ರಕಾರ ಕಾಮಾಲೆ, ಗುಳ್ಳೆಯೊಳಗೆ 5 ಮಿಲಿಮೀಟರ್ ಅಥವಾ ದೊಡ್ಡ ಗಂಟು, 10 ಮಿಲಿಮೀಟರ್ ಹಿಗ್ಗಿದ ಮುಖ್ಯನಾಳ ದೊಡ್ಡ ಅಪಾಯದ ಗುರುತುಗಳು. ವರ್ಷಕ್ಕೆ 2.5 ಮಿಲಿಮೀಟರ್ ಬೆಳೆದರೆ, ಹೊಸದಾಗಿ ಸಕ್ಕರೆ ಕಾಯಿಲೆ ಬಂದರೆ ಅನುಮಾನಿಸಬೇಕು. ಇವೇನೂ ಇಲ್ಲದ, ಎರಡು ಸೆಂಟಿಮೀಟರಿಗೂ ಚಿಕ್ಕ ಗುಳ್ಳೆಗೆ ಆರು ತಿಂಗಳ ನಂತರ ಒಮ್ಮೆ ನೋಡಿ, ಬದಲಾಗದಿದ್ದರೆ ಹದಿನೆಂಟು ತಿಂಗಳಿಗೊಮ್ಮೆ ಪರೀಕ್ಷೆ ಸಾಕು.

ಈಗಿನ ನಿರೀಕ್ಷೆ ವಂಶವಾಹಿಗಳ ಮೇಲೆ. ಐಪಿಎಂಎನ್‌ನಲ್ಲಿ ಜಿಎನ್‌ಎಎಸ್ ಎಂಬ ವಂಶವಾಹಿಯ ಬದಲಾವಣೆ ಇರುವುದು 2011ರಲ್ಲಿ ಗೊತ್ತಾಯಿತು. ದ್ರವದ ಡಿಎನ್‌ಎ ಪರೀಕ್ಷೆ ನಿಖರತೆ ಹೆಚ್ಚಿಸುತ್ತಿದೆ, ಆದರೆ ಎಲ್ಲರ ಕೈಗೂ ಎಟುಕುವಂತಾಗಿಲ್ಲ.

ಹೀಗಾಗಿ ಬೆಳವಣಿಗೆಯನ್ನು ಅಳೆಯಲು ನಮಗೆ ಸುಲಭವಾಗಿ ಸಿಗುವುದು ಹಳೆಯ ಸ್ಕ್ಯಾನ್ ಒಂದೇ. ಅದರ ಫಿಲ್ಮು, ಸಿ.ಡಿ., ವರದಿ ಯಾವುದನ್ನೂ ಎಸೆಯಬೇಡಿ. ಮುಂದಿನ ಸಲ ಯಾವ ಆಸ್ಪತ್ರೆಗೆ ಹೋದರೂ ಅದನ್ನು ವೈದ್ಯರ ಮುಂದಿಟ್ಟು, ಗುಳ್ಳೆ ಯಾವ ಬಗೆಯದು, ನಾಳ ಎಷ್ಟು ಹಿಗ್ಗಿದೆ, ಮುಂದಿನ ಸ್ಕ್ಯಾನ್ ಯಾವಾಗ ಎಂದು ಕೇಳಿ ಬರೆದಿಟ್ಟುಕೊಳ್ಳಿ.